ಬಳೆಚೂರು ಮತ್ತು ಬೆಸೆದ ಗಾಜು

ಬೇಲೂರು ತಾಲ್ಲೂಕಿನ ಮಾದಿಹಳ್ಳಿಯಂಥ ಊರುಗಳಲ್ಲಿ ಬೆಳೆದ ಹಿರಿಯರಿಗೆ ಬಳೆಚೂರಿನ ಆಟವನ್ನು ವಿವರಿಸಬೇಕಾಗಿಲ್ಲ. ಒಡೆದ ಬಳೆಗಳನ್ನು ಆಯ್ದು ದೀಪದ ಉರಿಗೆ ಹಿಡಿಯುವುದು, ಮೆತ್ತಗಾದೊಡನೆ ಬಗ್ಗಿಸುವುದು, ಒಂದಕ್ಕೊಂದು ಕೊಂಡಿ ಹಾಕಿ ಸರ ಮಾಡುವುದು. ಬೆರಳು ಸುಟ್ಟುಕೊಳ್ಳದವರು ಕಡಿಮೆ! ಇದೇ ಆಟವನ್ನು ನಡುವಯಸ್ಸಿನಲ್ಲಿ ಕಸುಬಾಗಿ ಹಿಡಿದವರೂ ಇದ್ದಾರೆ.

ಗಾಜಿನ ತುಂಡುಗಳನ್ನು ಕಾಯಿಸಿ ಬೆಸೆಯುವ ಕಲೆ ಊದುಗೊಳವೆಗಿಂತ ಹಳೆಯದು. ಕ್ರಿ.ಪೂ. 15ನೇ ಶತಮಾನದ ಹೊತ್ತಿಗೇ ಮೆಸೊಪೊಟೇಮಿಯದವರು ಬಣ್ಣದ ತುಂಡುಗಳನ್ನು ಬೆಸೆದು ಪಾತ್ರೆ ಮಾಡುತ್ತಿದ್ದರು. ಕ್ರಿ.ಪೂ. 1ನೇ ಶತಮಾನದಲ್ಲಿ ಸಿರಿಯಾ-ಪ್ಯಾಲೆಸ್ಟೈನ್ ಕಡೆ ಊದುವ ವಿದ್ಯೆ ಬಂತು. ಗಾಜು ಅಗ್ಗವಾಯಿತು, ಬೆಸೆಯುವುದು ಕ್ರಮೇಣ ಹಿಂದೆ ಸರಿಯಿತು.

ಅದಕ್ಕೆ ಮರುಜೀವ ಕೊಟ್ಟವರಲ್ಲಿ ಹಲವರು ಬೇರೆ ಕಸುಬಿನವರು. 19ನೇ ಶತಮಾನದ ಕೊನೆಗೆ ಗಾಜಿನ ಪುಡಿಯನ್ನು ಅಚ್ಚಿನಲ್ಲಿ ಕರಗಿಸಿದ ಫ್ರಾನ್ಸಿನ ಆನ್ರಿ ಕ್ರೋ ಮೊದಲು ಶಿಲ್ಪಿ. ಷಿಕಾಗೋದ ಮೈಕೇಲ್ ಮತ್ತು ಫ್ರಾನ್ಸಿಸ್ ಹಿಗಿನ್ಸ್ ದಂಪತಿ ಕಲಾ ಅಧ್ಯಾಪಕರು. ನಲವತ್ತರ ಆಸುಪಾಸಿನಲ್ಲಿ, 1948ರಲ್ಲಿ, ಪಾಠ ಬಿಟ್ಟು ಮನೆಯಲ್ಲೇ ಕುಲುಮೆ ಹೂಡಿದರು. ಬಣ್ಣ ಬಳಿದ ಗಾಜಿನ ಹಾಳೆಗಳನ್ನು ಒಂದರ ಮೇಲೊಂದಿಟ್ಟು ಬೆಸೆದು, ಅಚ್ಚಿನ ಮೇಲೆ ಬಾಗಿಸಿ ತಟ್ಟೆ, ಬೋಗುಣಿ ಮಾಡಿದರು.

ತಡವಾಗಿ ಬಂದವರಿಗೆ ಈ ಕಲೆ ಒಗ್ಗಲು ಕಾರಣವಿದೆ. ಊದುವವನಿಗೆ ಹಗಲಿರುಳು ಉರಿಯುವ ಕುಲುಮೆ, ಸಹಾಯಕರು, ವರ್ಷಗಟ್ಟಲೆ ಪಳಗಿದ ಕೈ ಬೇಕು. ಇಲ್ಲಿ ತಣ್ಣನೆಯ ಗಾಜನ್ನು ಕೊಯ್ದು, ಮನಸ್ಸಿಗೆ ಒಪ್ಪುವವರೆಗೆ ಜೋಡಿಸಿ, ವಿದ್ಯುತ್ ಕುಲುಮೆಯ ಬಾಗಿಲು ಮುಚ್ಚಿದರಾಯಿತು. ಸುಮಾರು 800 ಡಿಗ್ರಿ ಸೆಲ್ಸಿಯಸ್‌ನಲ್ಲಿ ತುಂಡುಗಳು ಒಂದಾಗುತ್ತವೆ. ಕಷ್ಟವಿರುವುದು ಆರಿಸುವುದರಲ್ಲಿ. 500ರ ಆಸುಪಾಸಿನಲ್ಲಿ ತಡೆದು, ನಿಧಾನವಾಗಿ ಇಳಿಸಬೇಕು. ಆತುರಪಟ್ಟರೆ ಗಾಜು ಸೀಳುತ್ತದೆ.

ಇನ್ನೊಂದು ತೊಡಕೂ ಉಂಟು. ತಣಿಯುವಾಗ ಎಲ್ಲ ಗಾಜೂ ಒಂದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ. ಹೊಂದದ ಎರಡು ಗಾಜುಗಳನ್ನು ಬೆಸೆದರೆ ಇಂದು ಚೆನ್ನಾಗಿ ಕಂಡದ್ದು ವಾರದ ಮೇಲೆ ಕಪಾಟಿನಲ್ಲೇ ಬಿರಿಯಬಹುದು. ಅಮೆರಿಕದ ಪೋರ್ಟ್‌ಲೆಂಡಿನಲ್ಲಿ ಮೂವರು ಗಾಜು ಊದುವವರು 1974ರಲ್ಲಿ ಆರಂಭಿಸಿದ ಬುಲ್ಸ್‌ಐ ಕಾರ್ಖಾನೆ ಮುಂದೆ ಪರಸ್ಪರ ಹೊಂದುವಂತೆ ಪರೀಕ್ಷಿಸಿದ ಬಣ್ಣದ ಗಾಜನ್ನು ಮಾರಿತು. ಹವ್ಯಾಸಿಗಳ ದಾರಿ ಸುಗಮವಾದದ್ದು ಆಮೇಲೆ.

ನಮ್ಮ ಬಳೆಯಲ್ಲೂ ಒಂದು ಬೆಸುಗೆಯಿದೆ. ಉತ್ತರ ಪ್ರದೇಶದ ಫಿರೋಜಾಬಾದಿನಲ್ಲಿ ಗಾಜಿನ ಸುರುಳಿಯನ್ನು ಕತ್ತರಿಸಿದಾಗ ಪ್ರತಿ ಬಳೆಯ ಬಾಯಿ ತೆರೆದೇ ಇರುತ್ತದೆ. ಅದನ್ನು ಮನೆಗಳಲ್ಲಿ, ಹೆಚ್ಚಾಗಿ ಹೆಂಗಸರು, ಸಣ್ಣ ಉರಿಯ ಮುಂದೆ ಕೂತು ಒಂದೊಂದಾಗಿ ಬೆಸೆಯುತ್ತಾರೆ. ಕೂಲಿ ಕಟ್ಟಿನ ಲೆಕ್ಕದಲ್ಲಿ.