ಭೀಮಾಶಂಕರದ ಕಾಡಿನಲ್ಲಿ ಹಕ್ಕಿಗಳ ಗಣತಿ

ಪುಣೆಯ ಕನ್ನಡಿಗರಾದ ನಮ್ಮಲ್ಲಿ ಭೀಮಾಶಂಕರದ ಯಾತ್ರೆ ಮಾಡದವರು ವಿರಳ. ಜ್ಯೋತಿರ್ಲಿಂಗ ಕ್ಷೇತ್ರವನ್ನು ಸುತ್ತುವರಿದಿರುವ ಸಹ್ಯಾದ್ರಿಯ ಈ ಅರಣ್ಯವು 1985ರಲ್ಲಿ ವನ್ಯಜೀವಿಧಾಮವಾಯಿತು. ಇದರ ವಿಸ್ತೀರ್ಣ ಸುಮಾರು 130 ಚದರ ಕಿಲೋಮೀಟರ್. ಮಹಾರಾಷ್ಟ್ರದ ರಾಜ್ಯಪ್ರಾಣಿಯಾದ ಶೇಕರು ಎಂಬ ದೊಡ್ಡ ಅಳಿಲಿಗೆ ಇದು ಪ್ರಸಿದ್ಧ. ಇಲ್ಲಿ ಹುಟ್ಟುವ ಭೀಮಾ ನದಿಯು ವಿಜಯಪುರ, ಕಲಬುರಗಿ ಜಿಲ್ಲೆಗಳಲ್ಲಿ ಹರಿದು ಮುಂದೆ ಕೃಷ್ಣೆಯನ್ನು ಸೇರುತ್ತದೆ. ಆದ್ದರಿಂದ ಈ ಕಾಡು ನಮ್ಮ ನಾಡಿಗೂ ಬೇಕಾದದ್ದು.

ಕಾಡಿನ ಹಕ್ಕಿಗಳನ್ನು ಎಣಿಸಲು ಮುಖ್ಯವಾಗಿ ಎರಡು ಕ್ರಮಗಳಿವೆ. ಮೊದಲನೆಯದರಲ್ಲಿ ಗೊತ್ತುಪಡಿಸಿದ ಸ್ಥಳದಲ್ಲಿ ಐದು ಅಥವಾ ಹತ್ತು ನಿಮಿಷ ಸದ್ದಿಲ್ಲದೆ ನಿಂತು, ಕಂಡ ಮತ್ತು ಕೇಳಿದ ಹಕ್ಕಿಗಳನ್ನೆಲ್ಲ ಬರೆದುಕೊಳ್ಳಬೇಕು. ಎರಡನೆಯದರಲ್ಲಿ ಗೊತ್ತುಪಡಿಸಿದ ಹಾದಿಯಲ್ಲಿ ನಿಧಾನವಾಗಿ ನಡೆಯುತ್ತ, ಹಕ್ಕಿಯು ಹಾದಿಯಿಂದ ಎಷ್ಟು ದೂರದಲ್ಲಿತ್ತೆಂಬುದನ್ನೂ ಗುರುತಿಸಬೇಕು. ಸೂರ್ಯೋದಯದ ನಂತರದ ಎರಡು ಮೂರು ಗಂಟೆಗಳು ಇದಕ್ಕೆ ಪ್ರಶಸ್ತ. ದಟ್ಟ ಕಾಡಿನಲ್ಲಿ ಕಣ್ಣಿಗಿಂತ ಕಿವಿಯೇ ಹೆಚ್ಚು ನೆರವಾಗುತ್ತದೆ.

ಒಂದೇ ಋತುವಿನ ಗಣತಿ ಸಾಲದು. ಮನುಷ್ಯರಂತೆ ಸಿಳ್ಳು ಹಾಕುವ ಮಲಬಾರ್ ಸಿಳ್ಳಾರ ಮುಖ್ಯವಾಗಿ ಮಳೆಗಾಲದಲ್ಲಿ ಹಾಡುತ್ತದೆ; ಚಳಿಗಾಲದಲ್ಲಿ ಅದು ಬಹುತೇಕ ಮೌನಿ. ಹಿಮಾಲಯದ ಕಡೆಯಿಂದ ಬರುವ ವಲಸೆ ಹಕ್ಕಿಗಳಾದರೋ ಚಳಿಗಾಲದ ಅತಿಥಿಗಳು. ಪಟ್ಟಿಯಲ್ಲಿ ಹೆಸರಿಲ್ಲವೆಂದ ಮಾತ್ರಕ್ಕೆ ಆ ಹಕ್ಕಿ ಕಾಡಿನಲ್ಲಿ ಇಲ್ಲವೆಂದು ತಿಳಿಯಲಾಗದು.

ಈ ಶ್ರಮದಿಂದ ಏನು ಪ್ರಯೋಜನವೆಂದು ಕೇಳಬಹುದು. ಬ್ಯಾಂಕಿನಲ್ಲಿ ಕೆಲಸ ಮಾಡುವ ನಮಗೆ ಉತ್ತರ ಸುಲಭವಾಗಿ ಹೊಳೆಯುತ್ತದೆ: ಆರಂಭದ ಶಿಲ್ಕು ಗೊತ್ತಿಲ್ಲದಿದ್ದರೆ ನಷ್ಟವೂ ಗೊತ್ತಾಗದು. ರಾಜಸ್ಥಾನದ ಭರತಪುರದಲ್ಲಿ ವಿಜ್ಞಾನಿ ವಿಭು ಪ್ರಕಾಶ್ 1980ರ ದಶಕದಲ್ಲಿ ರಣಹದ್ದುಗಳನ್ನು ಎಣಿಸಿಟ್ಟಿದ್ದರು. 1990ರ ದಶಕದಲ್ಲಿ ಮತ್ತೆ ಎಣಿಸಿದಾಗ ಬಿಳಿಬೆನ್ನಿನ ರಣಹದ್ದುಗಳಲ್ಲಿ ಬಹುಪಾಲು ಮಾಯವಾಗಿದ್ದವು. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧವೇ ಮುಖ್ಯ ಕಾರಣವೆಂಬುದು 2004ರಲ್ಲಿ ಪ್ರಕಟವಾಯಿತು. 2006ರಲ್ಲಿ ಪಶುಗಳಿಗೆ ಅದನ್ನು ಕೊಡುವುದನ್ನು ಭಾರತ ನಿಷೇಧಿಸಿತು. ಹಳೆಯ ಲೆಕ್ಕ ಇಲ್ಲದಿದ್ದರೆ ಈ ಅಳಿವಿನ ಪ್ರಮಾಣವು ಅಷ್ಟು ಸ್ಪಷ್ಟವಾಗುತ್ತಿರಲಿಲ್ಲ.

ಸಾಮಾನ್ಯರೂ ಇದರಲ್ಲಿ ಪಾಲ್ಗೊಳ್ಳಬಹುದು. ಮೈಸೂರು ನಗರದ ಪಕ್ಷಿಭೂಪಟವು 2014ರಿಂದ 2016ರವರೆಗೆ ಹವ್ಯಾಸಿಗಳ ಸಹಕಾರದಿಂದಲೇ ಸಿದ್ಧವಾಯಿತು. ಮುಂದಿನ ಯಾತ್ರೆಯಲ್ಲಿ ಮಕ್ಕಳ ಕೈಗೊಂದು ಪುಸ್ತಕ ಕೊಟ್ಟು ದಿನಾಂಕ, ಸ್ಥಳ, ವೇಳೆ ಮತ್ತು ನಿಂತು ನೋಡಿದ ನಿಮಿಷಗಳನ್ನು ಬರೆಸೋಣ. ಹೆಸರು ತಿಳಿಯದ ಹಕ್ಕಿಯನ್ನು ಊಹೆಯಿಂದ ಹೆಸರಿಸದೆ, ‘ತಿಳಿಯದು’ ಎಂದೇ ಬರೆಯಲು ಹೇಳೋಣ.