ಕಾಸಿಲ್ಲದೆ ಒಂದು ಸಂಜೆ, ಲಂಡನ್ನಿನಲ್ಲಿ

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಳೆದ ತಿಂಗಳು ಮಿಂಚಂಚೆ ಬರೆದಿದ್ದ. ಕಛೇರಿಯ ಕೆಲಸದ ನಿಮಿತ್ತ ಲಂಡನ್ನಿಗೆ ಹೊರಟಿದ್ದಾನಂತೆ. ಹಗಲೆಲ್ಲ ಕೆಲಸ, ಶುಕ್ರವಾರದ ಒಂದು ಸಂಜೆ ಮಾತ್ರ ಬಿಡುವು. "ಸಾರ್, ನೀವು ಮಗಳ ಮನೆಗೆ ಹೋಗಿದ್ದಾಗ ಅಲ್ಲೆಲ್ಲ ಓಡಾಡಿದ್ದಿರಿ. ಒಂದೇ ಸಂಜೆಯಲ್ಲಿ ಏನು ನೋಡಲಿ? ಅಲ್ಲಿನ ಟಿಕೆಟ್ಟುಗಳ ಬೆಲೆ ಕೇಳಿದರೆ ಎದೆ ಧಸಕ್ಕೆನ್ನುತ್ತದೆ" ಎಂದು ಕೇಳಿದ್ದ. ಅವನಿಗೆ ನಾಲ್ಕು ಸಾಲಿನ ಉತ್ತರ ಬರೆಯಲು ಕುಳಿತವನು ಇಷ್ಟುದ್ದ ಬರೆದೆ. ಮೇಷ್ಟರ ಚಟ, ಬಿಡುವುದಿಲ್ಲ. ನೀವೂ ಓದಿ ಎಂದು ಇಲ್ಲಿ ಹಾಕುತ್ತಿದ್ದೇನೆ.

ಶುಕ್ರವಾರವೆಂದರೆ ಸೌತ್ ಕೆನ್ಸಿಂಗ್ಟನ್ನಿನ ವಿಕ್ಟೋರಿಯ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿಗೇ ಹೋಗಬೇಕು. ಉಳಿದ ದಿನಗಳಲ್ಲಿ ಸಂಜೆ ಆರರೊಳಗೆ ಮುಚ್ಚುವ ಈ ಸಂಗ್ರಹಾಲಯ ಅಂದು ಮಾತ್ರ ರಾತ್ರಿ 10ರವರೆಗೆ ತೆರೆದಿರುತ್ತದೆ. ಪ್ರವೇಶ ಉಚಿತ. ಇದು ಪ್ರವಾಸಿಗರನ್ನು ಸೆಳೆಯಲು ಇತ್ತೀಚೆಗೆ ಹೂಡಿದ ಉಪಾಯವೆಂದು ನಾನೂ ಮೊದಲು ಭಾವಿಸಿದ್ದೆ. ಅಲ್ಲ. ಸಂಜೆ ಬಾಗಿಲು ತೆರೆಯುವ ಪದ್ಧತಿ ಆ ಸಂಸ್ಥೆಯೊಡನೆಯೇ ಹುಟ್ಟಿದ್ದು.

1851ರಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ, ಗಾಜಿನ ಅರಮನೆಯಲ್ಲಿ, ಮಹಾಪ್ರದರ್ಶನ ನಡೆದದ್ದನ್ನು ನಿಮಗೆ ತರಗತಿಯಲ್ಲಿ ಹೇಳಿದ್ದೇನೆ. ಖರ್ಚು ಕಳೆದು ಸುಮಾರು 1,86,000 ಪೌಂಡು ಲಾಭ ಉಳಿಯಿತು. ಆ ಹಣದಿಂದ ಪಾರ್ಕಿನ ದಕ್ಷಿಣಕ್ಕೆ ಜಮೀನು ಕೊಂಡರು. 1852ರಲ್ಲಿ ಬೇರೊಂದು ಕಟ್ಟಡದಲ್ಲಿ ಆರಂಭವಾಗಿದ್ದ ಸಂಗ್ರಹಾಲಯ 1857ರ ಜೂನ್ ತಿಂಗಳಲ್ಲಿ ಈ ಜಾಗಕ್ಕೆ ಬಂದಿತು. ಮೊದಲ ಕಟ್ಟಡ ಕಬ್ಬಿಣದ ತಗಡಿನದು, ನೋಡಲು ಬಲು ಕುರೂಪ. ಜನ ಅದನ್ನು 'ಬ್ರಾಂಪ್ಟನ್ನಿನ ಬಾಯ್ಲರುಗಳು' ಎಂದು ಹಾಸ್ಯ ಮಾಡಿದರು. ಇಂದಿನ ಹೆಸರು ಬಂದದ್ದು 1899ರಲ್ಲಿ.

ಇದರ ಮೊದಲ ನಿರ್ದೇಶಕ ಹೆನ್ರಿ ಕೋಲ್. ಹಠವಾದಿ, ಹಿಡಿದದ್ದನ್ನು ಬಿಡುವವನಲ್ಲ. ಅಂದಿನ ಸಂಗ್ರಹಾಲಯಗಳು ಹೊತ್ತು ಮುಳುಗುವ ಮುನ್ನ ಬಾಗಿಲು ಹಾಕುತ್ತಿದ್ದವು, ದೀಪದಿಂದ ಬೆಂಕಿ ಹತ್ತೀತೆಂಬ ಭಯದಿಂದ. ಭಾನುವಾರ ದೇವರ ದಿನವೆಂದು ಅಂದೂ ಬೀಗ. (ಅಲ್ಲಿನ ರಾಷ್ಟ್ರೀಯ ಸಂಗ್ರಹಾಲಯಗಳು ಭಾನುವಾರ ತೆರೆಯತೊಡಗಿದ್ದು 1896ರಲ್ಲಿ!) ವಾರದ ಆರು ದಿನ ಬೆಳಗಿನಿಂದ ಸಂಜೆಯವರೆಗೆ ದುಡಿಯುವ ಕೂಲಿಕಾರನಿಗೆ ಇಂಥ ಕಡೆ 'ಉಚಿತ ಪ್ರವೇಶ' ಎಂಬ ಫಲಕದಿಂದ ಆಗುವ ಪ್ರಯೋಜನವಾದರೂ ಏನು? ಬಾಗಿಲು ತೆರೆದಿರುವಾಗ ಅವನು ಕೆಲಸದಲ್ಲಿ, ಅವನಿಗೆ ಬಿಡುವಾದಾಗ ಬಾಗಿಲಿಗೆ ಬೀಗ. ಕೋಲ್ ಅನಿಲದೀಪಗಳನ್ನು ಹಾಕಿಸಿದ. ವಾರದಲ್ಲಿ ಕೆಲವು ದಿನ ರಾತ್ರಿ 10ರವರೆಗೆ ಬಾಗಿಲು ತೆರೆದಿಟ್ಟ. ಕೆಲಸ ಮುಗಿಸಿದವನು ಹೆಂಡದಂಗಡಿಯ ಕಡೆ ಹೋಗದೆ ಹೆಂಡತಿ ಮಕ್ಕಳನ್ನು ಕರೆದುಕೊಂಡು ಇಲ್ಲಿಗೆ ಬರಲಿ ಎಂಬುದು ಅವನ ಆಸೆ. ಇದರಲ್ಲಿ ಮೇಲ್ವರ್ಗದವರ ಉಪದೇಶದ ಧಾಟಿಯಿದೆ, ಒಪ್ಪುತ್ತೇನೆ. ಆದರೂ ಬಾಗಿಲು ತೆರೆದದ್ದು ನಿಜ, ಜನ ಬಂದದ್ದೂ ನಿಜ.

ಅದೇ ವರ್ಷ ಜಾನ್ ಶೀಪ್‌ಶ್ಯಾಂಕ್ಸ್ ಎಂಬ ಶ್ರೀಮಂತ ತನ್ನ 233 ತೈಲಚಿತ್ರಗಳನ್ನು ದಾನವಾಗಿ ಕೊಟ್ಟ. ಶ್ರಮಿಕರು ಭಾನುವಾರ ಮಧ್ಯಾಹ್ನ ಇವುಗಳನ್ನು ನೋಡುವಂತಾಗಲೆಂದು ಆತ ಆಶಿಸಿದ್ದ. ಕರಾರು ಮಾತ್ರ ಹಾಕಲಿಲ್ಲ. ಆ ಚಿತ್ರಶಾಲೆಗೂ ಕೋಲ್ ಅನಿಲದೀಪ ಹಾಕಿಸಿದಾಗ ಗದ್ದಲವೆದ್ದಿತು. ಹೊಗೆಯಿಂದ ಚಿತ್ರಗಳು ಕೆಡುವುದಿಲ್ಲವೇ? ವಿಚಾರಣೆಗೆ ಒಂದು ಸಮಿತಿ ನೇಮಕವಾಯಿತು. ಅದರಲ್ಲಿ ಯಾರಿದ್ದರು ಬಲ್ಲಿರಾ? ಮೈಕೆಲ್ ಫ್ಯಾರಡೆ! ನಿಮ್ಮ ವಿಜ್ಞಾನದ ಮೇಷ್ಟರು ಹೇಳಿಕೊಟ್ಟ ಅದೇ ಫ್ಯಾರಡೆ. ಹೊಗೆಯನ್ನು ಸರಿಯಾಗಿ ಹೊರಗೆ ಸಾಗಿಸಿದರೆ ಅನಿಲದೀಪದಿಂದ ಚಿತ್ರಗಳಿಗೆ ಹಾನಿಯಿಲ್ಲ ಎಂದು 1859ರಲ್ಲಿ ಸಮಿತಿ ತಿಳಿಸಿತು. ಕೋಲ್ ಗೆದ್ದ.

ಇದನ್ನು ಓದುವಾಗಲೆಲ್ಲ ನನಗೊಬ್ಬ ಹುಡುಗನ ನೆನಪಾಗುತ್ತದೆ. 1986ರ ಸುಮಾರಿನಲ್ಲಿ ಒಂಬತ್ತನೆಯ ತರಗತಿಯವರನ್ನು ಶ್ರೀರಂಗಪಟ್ಟಣಕ್ಕೆ ಕರೆದೊಯ್ಯಲು ನಿಶ್ಚಯಿಸಿದ್ದೆ. ದರಿಯಾ ದೌಲತಿನ ಗೋಡೆಯ ಮೇಲಿನ ಪೊಳ್ಳಿಲೂರು ಯುದ್ಧದ ಚಿತ್ರವನ್ನು ಮಕ್ಕಳು ಕಣ್ಣಾರೆ ಕಾಣಲಿ ಎಂಬುದು ನನ್ನ ಹಂಬಲ. ಇತಿಹಾಸದಲ್ಲಿ ತರಗತಿಗೇ ಮೊದಲಿಗನಾಗಿದ್ದ ಹುಡುಗ ಹೆಸರು ಕೊಡಲಿಲ್ಲ. ದುಡ್ಡಿಲ್ಲವೇನೋ ಎಂದುಕೊಂಡು, ಅವನನ್ನು ಬೇರೆ ಕರೆದು, ಬಸ್ಸಿನ ಖರ್ಚು ನಾನು ಕೊಡುತ್ತೇನೆ, ಯಾರಿಗೂ ಹೇಳಬೇಡ ಎಂದೆ. ಅವನು ತಲೆ ತಗ್ಗಿಸಿ, "ದುಡ್ಡಲ್ಲ ಸಾರ್. ಭಾನುವಾರ ಆಲೆಮನೆಗೆ ಹೋಗಬೇಕು" ಎಂದ. ವಾರಕ್ಕೆ ಅದೊಂದು ದಿನದ ಕೂಲಿಯಿಂದಲೇ ಆ ಮನೆಗೆ ಏನೋ ಒಂದು ನಡೆಯುತ್ತಿತ್ತು. ನಾನು ದಿನವನ್ನು ಬದಲಿಸಲಿಲ್ಲ, ಬಸ್ಸು ಗೊತ್ತಾಗಿಬಿಟ್ಟಿತ್ತು. ನಲವತ್ತೆರಡು ಮಕ್ಕಳು ಹೋಗಿಬಂದೆವು. ಸೋಮವಾರ ಅವನು ಎಲ್ಲರಿಗಿಂತ ಹೆಚ್ಚು ಪ್ರಶ್ನೆ ಕೇಳಿದ. ಗೋಡೆಯ ಮೇಲೆ ಬೈಲಿಯ ಪಲ್ಲಕ್ಕಿ ಎಲ್ಲಿದೆ, ಟಿಪ್ಪುವಿನ ಕೈಯಲ್ಲಿ ಏನಿದೆ ಎಂದು. ಶುಲ್ಕದ ತೊಡಕನ್ನು ಊಹಿಸಿದ ನನಗೆ ಹೊತ್ತಿನ ತೊಡಕು ಹೊಳೆದಿರಲಿಲ್ಲ. ಕೋಲನಿಗೆ 1857ರಲ್ಲೇ ಹೊಳೆದಿತ್ತು.

ಇನ್ನು ಟಿಪ್ಪುವಿನ ಹುಲಿಯ ವಿಚಾರ. ಬಿದ್ದ ಬಿಳಿಯ ಸಿಪಾಯಿಯ ಮೇಲೆರಗಿದ ಮರದ ಹುಲಿ, ಉದ್ದ 1.78 ಮೀಟರು. ಹಿಡಿ ತಿರುಗಿಸಿದರೆ ಸಿಪಾಯಿಯ ಕೈ ಮೇಲೇಳುತ್ತದೆ, ನರಳುವ ಸದ್ದು, ಹುಲಿಯ ಗುರುಗುಟ್ಟು. ಹೊಟ್ಟೆಯೊಳಗೆ ಒಂದು ಆರ್ಗನ್ ವಾದ್ಯ. 1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಇಂಗ್ಲಿಷರ ಕೈಸೇರಿ, 1808ರಿಂದ ಈಸ್ಟ್ ಇಂಡಿಯಾ ಕಂಪನಿಯ ಲಂಡನ್ ಕಛೇರಿಯಲ್ಲಿ ಪ್ರದರ್ಶನಕ್ಕಿತ್ತು. ಬಂದವರೆಲ್ಲ ಹಿಡಿ ತಿರುಗಿಸಿ ಸದ್ದು ಮಾಡಿಸುತ್ತಿದ್ದರು, ಅಲ್ಲಿನ ಗ್ರಂಥಾಲಯದಲ್ಲಿ ಓದುತ್ತಿದ್ದವರಿಗೆ ತಲೆನೋವು! ಕಂಪನಿಯ ಆಳ್ವಿಕೆ ಕೊನೆಗೊಂಡ ಮೇಲೆ, 1879ರಲ್ಲಿ ಅದರ ಸಂಗ್ರಹ ಹಂಚಿಹೋದಾಗ, ಹುಲಿ ಸೌತ್ ಕೆನ್ಸಿಂಗ್ಟನ್ನಿನ ಪಾಲಾಯಿತು. ಎರಡನೆಯ ಮಹಾಯುದ್ಧದಲ್ಲಿ ಬಾಂಬಿಗೆ ಛಾವಣಿ ಕುಸಿದು ಚೂರುಚೂರಾದದ್ದನ್ನು ಮತ್ತೆ ಜೋಡಿಸಿದ್ದಾರೆ. 2013ರಲ್ಲಿ ನಾನು ಅದರ ಮುಂದೆ ನಿಂತೆ. ಗಾಜಿನ ಪೆಟ್ಟಿಗೆಯಲ್ಲಿತ್ತು. ನಮ್ಮ ಸೀಮೆಯ ಹುಲಿಯನ್ನು ನೋಡಲು ಕಾಸು ಕೊಡಬೇಕಿಲ್ಲ, ವೀಸಾ ಮತ್ತು ವಿಮಾನದ ಖರ್ಚು ಮಾತ್ರ ನಮ್ಮದು!

ಈ ಉಚಿತ ಪ್ರವೇಶವೂ ಅವಿಚ್ಛಿನ್ನವಾಗಿ ನಡೆದುಬಂದುದಲ್ಲ. 1974ರಲ್ಲಿ ಬ್ರಿಟನ್ನಿನ ಸರಕಾರ ರಾಷ್ಟ್ರೀಯ ಸಂಗ್ರಹಾಲಯಗಳಿಗೆ ಶುಲ್ಕ ವಿಧಿಸಿ ಮೂರೇ ತಿಂಗಳಲ್ಲಿ ಹಿಂತೆಗೆದುಕೊಂಡಿತು. ಈ ಸಂಗ್ರಹಾಲಯ 1985ರಲ್ಲಿ 'ಇಷ್ಟವಿದ್ದರೆ ಕೊಡಿ' ಎಂದು ಶುರುಮಾಡಿ, 1996ರಲ್ಲಿ ಕಡ್ಡಾಯ ಶುಲ್ಕಕ್ಕೆ ಬಂದು ಮುಟ್ಟಿತು. 2001ರ ಕೊನೆಯಲ್ಲಿ ಅದು ರದ್ದಾಯಿತು.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ, ಮಗೂ. ಸೌತ್ ಕೆನ್ಸಿಂಗ್ಟನ್ ಸುರಂಗ ರೈಲು ನಿಲ್ದಾಣದಲ್ಲಿ ಇಳಿ. ರಸ್ತೆಯ ಮೇಲೆ ನಡೆಯಬೇಡ. 1885ರಲ್ಲಿ ಕಟ್ಟಿದ ನೆಲದಡಿಯ ಕಾಲುದಾರಿ ನೇರ ಸಂಗ್ರಹಾಲಯದ ಬಳಿಗೇ ಒಯ್ಯುತ್ತದೆ, ಮಳೆಯ ತಂಟೆಯಿಲ್ಲ. ಶುಕ್ರವಾರ ರಾತ್ರಿ ಎಲ್ಲ ವಿಭಾಗಗಳೂ ತೆರೆದಿರುವುದಿಲ್ಲ. ಹುಲಿ ಈಗ ಎಲ್ಲಿದೆ, ನೋಡಲು ಸಿಕ್ಕೀತೆ ಎಂದು ಹೋದೊಡನೆ ವಿಚಾರಿಸು. ಎಲ್ಲವನ್ನೂ ನೋಡಹೊರಟರೆ ಕಾಲುನೋವೊಂದೇ ಉಳಿದೀತು, ಮೂರಕ್ಕೆ ಮಿತಿಗೊಳಿಸು. ಒಂದು, ಹುಲಿ. ಎರಡು, ರಫೇಲನ ಏಳು ಕಾರ್ಟೂನುಗಳು. ನಗೆಚಿತ್ರಗಳೆಂದುಕೊಳ್ಳಬೇಡ, ಗೋಡೆಗೆ ತೂಗುವ ಚಿತ್ರವಸ್ತ್ರಗಳನ್ನು ನೇಯಲೆಂದು ಪೋಪ್ ಬರೆಸಿದ ಪೂರ್ಣಗಾತ್ರದ ಮಾದರಿಗಳು. 1865ರಿಂದ ರಾಜಮನೆತನದ ಎರವಲಾಗಿ ಅಲ್ಲಿವೆ. ಆ ಕೋಣೆಯಲ್ಲಿ ಸುಮ್ಮನೆ ಹತ್ತು ನಿಮಿಷ ಕುಳಿತುಕೊ. ಮೂರು, ಪ್ಲಾಸ್ಟರಿನ ಪ್ರತಿಕೃತಿಗಳ ಅಂಗಳ. ರೋಮಿನ ಟ್ರಾಜನನ ಸ್ತಂಭ ಛಾವಣಿಗೆ ಮೀರಿದ್ದರಿಂದ ಎರಡು ತುಂಡಾಗಿ ಅಕ್ಕಪಕ್ಕ ನಿಂತಿದೆ. ಇಟಲಿಗೆ ಹೋಗಲಾರದವರು ಇಲ್ಲೇ ನೋಡಲಿ ಎಂದು ಮಾಡಿಸಿದವು ಇವು.

ಹಸಿವಾದರೆ ಅಲ್ಲಿನ ಹಳೆಯ ಉಪಾಹಾರ ಕೊಠಡಿಗಳಲ್ಲಿ ಚಹಾ ಕುಡಿ. ಅವೂ ಕೋಲನ ಕಾಲದವೇ. ಇದಕ್ಕೆ ಮಾತ್ರ ಕಾಸು ಬಿಚ್ಚಬೇಕಾಗುತ್ತದೆ, ಬೆಲೆಯನ್ನು ರೂಪಾಯಿಗೆ ಪರಿವರ್ತಿಸಲು ಹೋಗಬೇಡ. ಸ್ವೆಟರ್ ಮರೆಯಬೇಡ, ಜೂನ್ ತಿಂಗಳಿನಲ್ಲಿಯೂ ಅಲ್ಲಿ ರಾತ್ರಿ ಥಂಡಿ. ಹಿಂದಿರುಗಿದ ಮೇಲೆ ಹುಲಿಯ ಬಗ್ಗೆ ಒಂದು ಸಾಲು ಬರಿ.