ಅನ್ಯಗ್ರಹಗಳ ವಾಯುಮಂಡಲ: ‘ಪ್ರಥಮ ಶೋಧ’ವೆಂಬ ಮಾತಿನ ವಿಚಾರ

ನಮ್ಮ ಪಠ್ಯಗ್ರಂಥಗಳಲ್ಲಿ ವಿಜ್ಞಾನದ ಚರಿತ್ರೆಯು ಬಹುಮಟ್ಟಿಗೆ ‘ಪ್ರಥಮ’ಗಳ ಪಟ್ಟಿಯಾಗಿ ಪರಿಣಮಿಸಿದೆ. ಇಂಥವರು ಇಂಥ ವರ್ಷದಲ್ಲಿ ಇದನ್ನು ಕಂಡುಹಿಡಿದರೆಂದು ಬರೆದೊಡನೆ ಚರಿತ್ರಕಾರನ ಕೆಲಸ ಮುಗಿಯಿತೆಂದು ಭಾವಿಸುವವರುಂಟು. ನಿರ್ಣಯವು ಸತ್ಯವಾಗಿರುವುದು ಬೇರೆ, ಅದಕ್ಕೆ ಕೊಟ್ಟ ಆಧಾರವು ಸಾಲುವುದು ಬೇರೆ. ಇದನ್ನು ಗ್ರಹಗಳ ವಾಯುಮಂಡಲಕ್ಕೆ ಸಂಬಂಧಿಸಿದ ಎರಡು ಪ್ರಸಂಗಗಳಿಂದ ತೋರಿಸುವುದು ನಮ್ಮ ಉದ್ದೇಶ.

ಮೊದಲನೆಯದು ನಮ್ಮ ಸೌರಮಂಡಲದ್ದೇ. 1761ರ ಜೂನ್ 6ರಂದು ಶುಕ್ರಗ್ರಹವು ಸೂರ್ಯಬಿಂಬವನ್ನು ಹಾದುಹೋಯಿತು. ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಅದನ್ನು ವೀಕ್ಷಿಸಿದ ರಷ್ಯದ ಪಂಡಿತ ಲೊಮೊನೊಸೋವನು, ಶುಕ್ರನು ಪ್ರವೇಶಿಸುವಾಗ ಬಿಂಬದ ಅಂಚು ಮಸುಕಾದುದನ್ನೂ ಹೊರಬೀಳುವಾಗ ಅಲ್ಲಿ ಉಬ್ಬೊಂದು ತೋರಿದುದನ್ನೂ ಕಂಡು, ಆ ಗ್ರಹಕ್ಕೆ ವಾಯುಮಂಡಲವಿದೆಯೆಂದು ನಿರ್ಣಯಿಸಿದನು. ನಿರ್ಣಯವು ಸರಿಯೇ. ಆದರೆ ಅವನು ಕಂಡುದು ಆ ವಾಯುಮಂಡಲದ ಪರಿಣಾಮವನ್ನೇ ಎಂಬ ವಿಷಯದಲ್ಲಿ ಒಮ್ಮತವಿಲ್ಲ. ಪಾಸಚಾಫ್ ಮತ್ತು ಶೀಹನ್ ಎಂಬ ವಿದ್ವಾಂಸರು ಸಂದೇಹ ವ್ಯಕ್ತಪಡಿಸಿದರು. 2012ರ ಸಂಕ್ರಮಣವನ್ನು ಹಳೆಯ ಕಾಲದ ದೂರದರ್ಶಕಗಳಿಂದ ನೋಡಿದ ಕೆಲವರು ಅವನನ್ನು ಸಮರ್ಥಿಸಿದರು. ಮುಂದಿನ ಶುಕ್ರಸಂಕ್ರಮಣ ಬರುವುದು 2117ರಲ್ಲಿ.

ಎರಡನೆಯ ಪ್ರಸಂಗವು ಎಚ್‌ಡಿ 209458 ಎಂಬ ನಕ್ಷತ್ರದ್ದು. ಅದರ ಗ್ರಹವೊಂದು ನಕ್ಷತ್ರದ ಮುಂದೆ ಹಾಯುವುದು 1999ರಲ್ಲಿ ಕಂಡುಬಂದಿತು. ಆಗ ನಕ್ಷತ್ರದ ಬೆಳಕು ನೂರಕ್ಕೆ ಸುಮಾರು ಒಂದೂವರೆ ಪಾಲು ಕುಂದುತ್ತದೆ. ಗ್ರಹದ ಸುತ್ತ ಅನಿಲಗಳಿದ್ದರೆ, ಅವು ಹೀರುವ ಬಣ್ಣಗಳಲ್ಲಿ ಈ ಕುಂದು ಕಿಂಚಿತ್ ಹೆಚ್ಚಬೇಕು. 2002ರಲ್ಲಿ ಶಾರ್ಬನೋ ಮತ್ತು ಸಂಗಡಿಗರು ಹಬಲ್ ದೂರದರ್ಶಕದ ನೆರವಿನಿಂದ, ಸೋಡಿಯಂ ಹೀರುವ ಹಳದಿ ಬಣ್ಣದಲ್ಲಿ ಹತ್ತು ಸಾವಿರಕ್ಕೆ ಸುಮಾರು 2 ಪಾಲಿನಷ್ಟು ಹೆಚ್ಚಿನ ಕುಂದನ್ನು ತೋರಿಸಿದರು. ಅನ್ಯನಕ್ಷತ್ರದ ಗ್ರಹವೊಂದರ ವಾಯುಮಂಡಲಕ್ಕೆ ದೊರೆತ ಪ್ರಥಮ ಸಾಕ್ಷ್ಯವೆಂದು ಅದು ಪ್ರಸಿದ್ಧವಾಯಿತು.

2020ರಲ್ಲಿ ಕಸಸಾಯಾಸ್-ಬ್ಯಾರಿಸ್ ಮತ್ತು ಸಂಗಡಿಗರು ಇನ್ನೂ ಸೂಕ್ಷ್ಮವಾದ ವರ್ಣಪಟಲಗಳನ್ನು ಪರಿಶೀಲಿಸಿದರು. ಅಲ್ಲಿ ತೋರಿದ ಚಿಹ್ನೆಗೆ ಸೋಡಿಯಂ ಬೇಕಿಲ್ಲ, ನಕ್ಷತ್ರದ ಆವರ್ತನ ಮೊದಲಾದ ಕಾರಣಗಳೇ ಸಾಕು ಎಂಬುದು ಅವರ ವಾದ. ಇಷ್ಟರಿಂದ ಆ ಗ್ರಹಕ್ಕೆ ವಾಯುಮಂಡಲವೇ ಇಲ್ಲವೆಂದಾಗದು. 2013ರಲ್ಲಿಯೇ ಅಲ್ಲಿ ನೀರಾವಿಯ ಗುರುತು ದೊರೆತಿತ್ತು. ತಾಮ್ರಪಟವೊಂದು ಕೂಟಶಾಸನವೆಂದು ಸಿದ್ಧವಾದರೆ ಅದರಲ್ಲಿ ಹೆಸರಿಸಿದ ಅರಸನೇ ಇರಲಿಲ್ಲವೆಂದು ನಾವು ಹೇಳುವುದಿಲ್ಲ; ಬೇರೆ ಆಧಾರಗಳನ್ನು ಅರಸುತ್ತೇವೆ. ಇಲ್ಲಿಯೂ ನ್ಯಾಯವು ಅದೇ.

ಆದರೆ ಎರಡು ಪ್ರಸಂಗಗಳಿಗೂ ಒಂದು ಮುಖ್ಯ ಭೇದವುಂಟು. ಶುಕ್ರಸಂಕ್ರಮಣವು ಅತಿ ವಿರಳ. ಲೊಮೊನೊಸೋವನ ಕಾಲದಿಂದ 2012ರವರೆಗೆ ಅದು ಮತ್ತೆ ಒದಗಿದುದು ಐದೇ ಸಲ. ಎಚ್‌ಡಿ 209458ರ ಗ್ರಹವಾದರೋ ಮೂರೂವರೆ ದಿನಗಳಿಗೊಮ್ಮೆ ನಕ್ಷತ್ರದ ಮುಂದೆ ಹಾಯುತ್ತದೆ. ಅದರ ಸಾಕ್ಷ್ಯವನ್ನು ಯಾರು ಬೇಕಾದರೂ, ಉತ್ತಮ ಸಾಧನವು ದೊರೆತಾಗಲೆಲ್ಲ, ಹೊಸದಾಗಿ ಓದಬಹುದು. ಮರುಪರೀಕ್ಷೆಗೆ ದೊರೆಯುವ ಈ ಅವಕಾಶವೇ ಅಲ್ಲಿನ ಜ್ಞಾನದ ಬಲವೆಂದು ನಮಗೆ ತೋರುತ್ತದೆ.

2025ರಲ್ಲಿ ಕೆ2-18ಬಿ ಎಂಬ ಗ್ರಹದ ವಾಯುಮಂಡಲದಲ್ಲಿ, ಭೂಮಿಯಲ್ಲಿ ಜೀವಿಗಳಿಂದ ಉತ್ಪನ್ನವಾಗುವ ಅನಿಲವೊಂದರ ಸುಳಿವಿದೆಯೆಂದು ಕೇಂಬ್ರಿಜ್ಜಿನ ತಂಡವು ಪ್ರಕಟಿಸಿತು. ಇತರ ವಿದ್ವಾಂಸರು ಅದನ್ನು ಕೂಡಲೇ ಪ್ರಶ್ನಿಸಿದರು. ವಿದ್ಯಾರ್ಥಿಯು ಇಂಥ ವಾರ್ತೆಯನ್ನು ಹಿಡಿದು ತರಗತಿಗೆ ಬಂದಾಗ ಅಧ್ಯಾಪಕನು ಹೌದೆಂದೋ ಅಲ್ಲವೆಂದೋ ತೀರ್ಪು ಕೊಡಬೇಕಾಗಿಲ್ಲ. ಆಧಾರವೇನು, ಅದನ್ನು ಬೇರೆ ಬಗೆಯಲ್ಲಿ ಅರ್ಥೈಸಬಹುದೇ, ಮತ್ತೆ ಯಾರು ನೋಡಿದ್ದಾರೆ ಎಂಬ ಮೂರು ಪ್ರಶ್ನೆಗಳನ್ನು ಕೇಳಲು ಕಲಿಸಿದರೆ ಸಾಕು.